ದೇವದುರ್ಗದಲ್ಲಿ ನಾನು ಮಾಡಿದ ಮಹಾ ಸಂಶೋಧನೆ

ಗೆಳೆಯರೇ, ಮೂರು ತಿಂಗಳಿನಿಂದ ಪೈಥಾನ್ ಪ್ರೋಗ್ರಾಮಿಂಗ್ ಕಲಿಯುತ್ತಿರುವ ಈ ಲ್ಯಾಬ್ ಟೆಕ್ನಿಷಿಯನ್ ಇವತ್ತು ಇತಿಹಾಸ ನಿರ್ಮಿಸಿದ. ನಮ್ಮ ಲ್ಯಾಬಿಗೆ ಬಂದ ಹಿರಿಯರ ವಯಸ್ಸನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಕೋಡ್ ಬರೆದು ಗ್ರಾಫ್ ತೆಗೆದರೆ ಐವತ್ತು, ಅರವತ್ತು, ಎಪ್ಪತ್ತಕ್ಕೆ ಮೂರೇ ಕಂಬ, ನಡುವೆ ಬಟಾಬಯಲು! ಓಡಿಹೋಗಿ ಡಾಕ್ಟರಿಗೆ ತೋರಿಸಿದೆ.

"ಸರ್, ನಮ್ಮ ಕಡಿ ಮಂದಿಗೆ ಹತ್ತು ವರ್ಷಕ್ಕೊಮ್ಮೆನ ಜಡ್ಡು ಬರ್ತಾವ್ರಿ!"

ಅವರು ಉತ್ತರಿಸುವಷ್ಟರಲ್ಲಿ ರಕ್ತ ಪರೀಕ್ಷೆಗೆಂದು ಅಜ್ಜಿಯೊಬ್ಬಳು ಅಲ್ಲಿಗೇ ಬಂದಳು.

"ಯವ್ವಾ, ವಯಸ್ಸೆಷ್ಟು?"

"ನನಗೇನ್ ಗೊತ್ತೋ ಯಪ್ಪಾ, ಮಾರಿ ನೋಡಿ ನೀನ ಬರ್ಕೋ."

ಎಂದಿನಂತೆ ಮುಖ ನೋಡಿ, "ಎಪ್ಪತ್ತು" ಎನ್ನುತ್ತ ಬರೆದುಕೊಂಡೆ.

"ಹೋದ ತಿಂಗಳು ಅರವತ್ತು ಅಂದಿದ್ದೆಲ್ಲೋ!"

ಡಾಕ್ಟರು ಗ್ರಾಫನ್ನು ಬಿಟ್ಟು ನನ್ನನ್ನೇ ನೋಡತೊಡಗಿದರು. ಆ ಮೂರೂ ಕಂಬಗಳನ್ನು ವರ್ಷಗಟ್ಟಲೆ ನಾನೇ ನೆಟ್ಟಿದ್ದೆ.

ಕೋಡಿನಲ್ಲಿ ಮಾತ್ರ ಒಂದೂ ತಪ್ಪಿರಲಿಲ್ಲ.