‘ಇಲ್ಲ’ ಅನ್ನದವಳು ಸಂಘ ಸೇರಿದ್ದು

ಸಂಘ ಎಂಬ ಮಾತು ಕಿವಿಗೆ ಬಿದ್ದರೆ ನಾನು ಮೊದಲಿನಿಂದಲೂ ಮೂಗು ಮುರಿಯುವವಳು. ಸಂಘವೆಂದರೆ ಒಂದು ಮೈಕು, ನಾಲ್ಕು ಶಾಲು, ಅಧ್ಯಕ್ಷರಾಗಲು ಇಬ್ಬರ ಜಗಳ, ಕೊನೆಗೆ ತಣ್ಣಗಾದ ಉಪ್ಪಿಟ್ಟು. ನಾನು ಕಂಡದ್ದು ಇಷ್ಟೇ. ಹಾಗಾಗಿ ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನಲ್ಲಿ ರೊಟ್ಟಿ ಅಂಗಡಿ ತೆರೆದ ಹೊಸತರಲ್ಲಿ, ಇಲ್ಲಿನ ವ್ಯಾಪಾರಸ್ಥರ ಸಂಘಕ್ಕೆ ಸೇರಿ ಎಂದು ಯಾರಾದರೂ ಹೇಳಿದರೆ "ನೋಡೋಣ್ರಿ" ಎಂದು ಜೋಳದ ಹಿಟ್ಟಿಗೆ ಕೈ ಹಾಕಿಬಿಡುತ್ತಿದ್ದೆ.

ಆ ಅಂಗಡಿ ನನ್ನ ಹಟದ ಕೂಸು. ಬ್ರಿಡ್ಜ್‌ವಾಟರ್‌ನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಒಳ್ಳೆಯ ಕೆಲಸವಿತ್ತು. ಅದನ್ನು ಬಿಟ್ಟು, ಒಂದೇ ಸಾಲಿನಲ್ಲಿ ಅಂಗಡಿಗಳಿರುವ ಒಂದು ಪ್ಲಾಜಾದಲ್ಲಿ ಮೂಲೆಯ ಮಳಿಗೆ ಹಿಡಿದು, ಗರಿಗರಿ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಬ್ಬ ಬಂದರೆ ಹೋಳಿಗೆ ಮಾರಲು ಕೂತೆ. "ಲ್ಯಾಬ್ ಬಿಟ್ಟು ರೊಟ್ಟಿ ಬಡೀತೀಯಾ?" ಎಂದವರಿಗೆಲ್ಲ "ಬಡೀತೀನಿ" ಎಂದೇ ಹೇಳಿದೆ. ನನ್ನ ಗಂಡ ಮಾತ್ರ ರೊಟ್ಟಿಯ ಹಂಚನ್ನು ಕಾರಿನಿಂದ ಇಳಿಸಿ ಕೊಟ್ಟರು.

ಸಂಘಕ್ಕೆ ಎಳೆದುಕೊಂಡು ಹೋದವರು ಕರಾವಳಿ ಕಡೆಯ ಒಬ್ಬ ಹೋಟೆಲಿನವರು. ಅವರ ಹೋಟೆಲು ಇದೇ ಊರಿನಲ್ಲಿ, ರೈಲು ನಿಲ್ದಾಣದ ಹತ್ತಿರ. ದೋಸೆ ಇಡ್ಲಿಯ ಜೊತೆಗೆ ವಾರದ ಕೊನೆಗೆ ಅಲ್ಲೂ ಜೋಳದ ರೊಟ್ಟಿ ಊಟ ಸಿಗುತ್ತಿತ್ತು. ಅಂದರೆ ನನ್ನ ಲೆಕ್ಕದಲ್ಲಿ ಅವರು ಅಪ್ಪಟ ಎದುರಾಳಿ.

"ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ ಅಕ್ಕ? ಬನ್ನಿ ಮಾರಾಯ್ರೆ. ತಿಂಗಳಿಗೊಮ್ಮೆ ಬೆಳಿಗ್ಗೆ ಸೇರ್ಲಿಕ್ಕುಂಟು, ಅಷ್ಟೇ. ಕಾಫಿ ಫ್ರೀ" ಎಂದರು ಒಂದು ದಿನ. ಕಾಫಿಗಾಗಿ ಅಲ್ಲ, ಎದುರಾಳಿಯ ಹುನ್ನಾರವೇನು ನೋಡೋಣ ಎಂದು ಹೋದೆ.

ಇಲ್ಲಿ ಡೈನರ್ ಎನ್ನುವ ಒಂದು ಸಣ್ಣ ಹೋಟೆಲಿನ ಹಿಂದಿನ ಕೋಣೆ. ಮೈಕೂ ಇಲ್ಲ, ಶಾಲೂ ಇಲ್ಲ. ಹಾರ್ಡ್‌ವೇರ್ ಅಂಗಡಿ ನಡೆಸುವ ಒಬ್ಬ ಅಜ್ಜಿ ಅಧ್ಯಕ್ಷೆ; ಚಮಚದಿಂದ ಲೋಟ ಬಡಿದರೆ ಸಭೆ ಶುರು. ಒಬ್ಬೊಬ್ಬರೇ ಎದ್ದು ತಮ್ಮ ವ್ಯಾಪಾರದ ಬಗ್ಗೆ ಎರಡು ಮಾತು ಹೇಳಬೇಕು. ಒಂದೇ ರಸ್ತೆಯಲ್ಲಿ ಎದುರುಬದುರು ಪಿಜ್ಜಾ ಅಂಗಡಿ ಇಟ್ಟವರಿಬ್ಬರು ಅಕ್ಕಪಕ್ಕ ಕೂತು, ಒಬ್ಬ ಇನ್ನೊಬ್ಬನ ಮೊಟ್ಟೆಗೆ ಉಪ್ಪು ಉದುರಿಸುತ್ತಿದ್ದ. ನಾನು ಅದನ್ನೇ ನೋಡುತ್ತ ನನ್ನ ಕಾಫಿ ತಣ್ಣಗಾಗಲು ಬಿಟ್ಟೆ. ನಮ್ಮಲ್ಲಿ ಹಾಗೆ ಎದುರುಬದುರು ಅಂಗಡಿ ಇಟ್ಟವರು ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋದರೆ ಅದೇ ದೊಡ್ಡದು.

ಆಮೇಲೆ ಕಪ್ಪು ಸೂಟಿನ ಎತ್ತರದ ಮನುಷ್ಯನೊಬ್ಬ ಎದ್ದ. ಅವನದು ಶವಸಂಸ್ಕಾರದ ವ್ಯವಹಾರ, ಫ್ಯೂನರಲ್ ಹೋಮ್. ನನ್ನ ಪ್ಲಾಜಾದ ಹಿಂದಿನ ಬೇಲಿಯಾಚೆ ಕಾಣುವ ಬಿಳಿ ಕಟ್ಟಡ ಅವನದೇ ಎಂದು ಆಗ ಗೊತ್ತಾಯಿತು. "ನನಗೆ ಅವಸರವಿಲ್ಲ, ನೀವೂ ಅವಸರ ಮಾಡಬೇಡಿ" ಎಂದ. ಎಲ್ಲರೂ ನಕ್ಕರು. ನಾನು ಅವನು ಕೊಟ್ಟ ಕಾರ್ಡನ್ನು ಬೆರಳ ತುದಿಯಲ್ಲಿ ಹಿಡಿದು, ಪರ್ಸಿಗೂ ಹಾಕದೆ, ಬಿಸಾಡಲೂ ಆಗದೆ ಒದ್ದಾಡಿದೆ.

ಇದಕ್ಕೊಂದು ಕಾರಣವಿದೆ. ಗದಗಿನ ನಮ್ಮ ಮನೆಯಲ್ಲಿ ಅಶುಭದ ಮಾತನ್ನು ಯಾರೂ ಬಾಯಿ ತುಂಬ ಆಡುವಂತಿರಲಿಲ್ಲ. ಅಕ್ಕಿ ಮುಗಿದರೆ "ಅಕ್ಕಿ ಇಲ್ಲ" ಎನ್ನಬಾರದು, "ಅಕ್ಕಿ ತುಂಬೇದ" ಎನ್ನಬೇಕು. ಬಳೆ ಒಡೆದರೆ ಬಳೆ ಹೆಚ್ಚಿತು. ಇಲ್ಲ ಇಲ್ಲ ಎಂದರೆ ಲಕ್ಷ್ಮಿ ಹೌದೇನೋ ಎಂದು ಎದ್ದು ಹೋಗುತ್ತಾಳೆ ಎಂದು ಅವ್ವ ಹೇಳುತ್ತಿದ್ದಳು. ಅವ್ವ "ಎಣ್ಣಿ ತುಂಬೇದ್ರಿ" ಎಂದರೆ ಅಪ್ಪ ಡಬ್ಬಿಯ ಮುಚ್ಚಳವನ್ನೂ ತೆಗೆದು ನೋಡದೆ ಚೀಲ ಹಿಡಿದು ಪೇಟೆಗೆ ಹೊರಡುತ್ತಿದ್ದ. ಹಾಗೆ ಬೆಳೆದ ನಾಲಿಗೆ ನನ್ನದು. ಇಷ್ಟು ವರ್ಷ ಇಲ್ಲಿದ್ದೂ, ಟ್ಯಾಕ್ಸ್, ಮಾರ್ಟ್‌ಗೇಜ್ ಎಂದು ಎಲ್ಲವನ್ನೂ ಇಂಗ್ಲಿಷಿನಲ್ಲೇ ನಿಭಾಯಿಸಿದರೂ ಅದೊಂದು ಬಿಟ್ಟಿರಲಿಲ್ಲ.

ಮರುವರ್ಷ ವಸಂತದಲ್ಲಿ ನಮ್ಮ ಪ್ಲಾಜಾದ ಮುಂದೆ ನೀರಿನ ಪೈಪು ಹಾಕಲು ರಸ್ತೆ ಅಗೆದರು. ಅಗೆದದ್ದು ಜಗ್‌ಹ್ಯಾಂಡಲ್ ಇರುವ ಕಡೆಯಲ್ಲೇ. ನ್ಯೂಜೆರ್ಸಿಯ ಎಷ್ಟೋ ದೊಡ್ಡ ರಸ್ತೆಗಳಲ್ಲಿ ಎಡಕ್ಕೆ ತಿರುಗಬೇಕಾದವನು ಮೊದಲು ಬಲಕ್ಕೆ ಹೋಗಿ, ಜಗ್ಗಿನ ಹಿಡಿಯಂಥ ಒಂದು ಕೊಂಡಿ ರಸ್ತೆಯಲ್ಲಿ ಸುತ್ತಿಬರಬೇಕು, ಅದೇ ಜಗ್‌ಹ್ಯಾಂಡಲ್. ಅದು ಮುಚ್ಚಿದರೆ ನನ್ನ ಅಂಗಡಿ ಕಣ್ಣಿಗೆ ಕಾಣುತ್ತದೆ, ಕಾರಿಗೆ ಸಿಗುವುದಿಲ್ಲ. ರಾಬಿನ್ಸ್‌ವಿಲ್ ಕಡೆಯಿಂದ ದೇವಸ್ಥಾನ ಮುಗಿಸಿ ಬರುತ್ತಿದ್ದವರು ಒಂದೆರಡು ಸಲ ಸುತ್ತಿ ಸುತ್ತಿ ಸೋತು, ಬರುವುದನ್ನೇ ಬಿಟ್ಟರು. ಬಡಿದ ರೊಟ್ಟಿ ನಾವೇ ತಿನ್ನುವಂತಾಯಿತು. ಬೇಸಿಗೆಯ ಕೊನೆಗೆ ಮಳಿಗೆಯ ಕರಾರು ಮುಗಿಯುವುದಿತ್ತು. ಮುಂದುವರಿಸುತ್ತೀಯೋ, ಬಿಡುತ್ತೀಯೋ ಹೇಳು ಎಂದು ಮಾಲೀಕ ಕೇಳಿಯೂ ಆಯಿತು. ಗಿರಾಕಿ ಬರದಿದ್ದರೆ ಬಿಡದೆ ಬೇರೆ ದಾರಿಯಿರಲಿಲ್ಲ.

ಆ ತಿಂಗಳ ಸಭೆಯಲ್ಲಿ ಅಜ್ಜಿ ಲೋಟ ಬಡಿದು, ರಸ್ತೆ ಕೆಲಸದಿಂದ ಯಾರಿಗೆ ಹೇಗಾಗಿದೆ ಹೇಳಿ ಎಂದಳು. ಡ್ರೈಕ್ಲೀನಿಂಗಿನವನು "ಸತ್ತೇ ಹೋಗಿದೆ" ಎಂದ. ಮೊಬೈಲ್ ಅಂಗಡಿಯವಳು "ಸತ್ತು ಹೂತೂ ಆಯಿತು" ಎಂದಳು. ಇವರಿಗೆ ನಾಲಿಗೆಯ ಮೇಲೆ ಹಿಡಿತವೇ ಇಲ್ಲವೇ ಶಿವನೇ ಎಂದುಕೊಳ್ಳುವಷ್ಟರಲ್ಲಿ ನನ್ನ ಸರದಿ. ಎದ್ದು ನಿಂತೆ. ಬಾಯಿಂದ ಬಂದದ್ದು, "ವಿ ಆರ್ ಫುಲ್. ಪೂರ್ತಿ ಫುಲ್."

ನಮ್ಮಪ್ಪನಾಗಿದ್ದರೆ ಚೀಲ ಹಿಡಿದು ಹೊರಡುತ್ತಿದ್ದ. ಇವರು ಚಪ್ಪಾಳೆ ತಟ್ಟಿದರು.

ಮುಂದಿನ ತಿಂಗಳೂ ಅದೇ ಪ್ರಶ್ನೆ, ಅದೇ ಉತ್ತರ, ಇನ್ನೂ ಜೋರಾದ ಚಪ್ಪಾಳೆ. ಸಂಘದವರು ರಸ್ತೆಯ ಬದಿಗೆ ದೊಡ್ಡ ಬೋರ್ಡು ನಿಲ್ಲಿಸಿ, ಕಷ್ಟದಲ್ಲಿರುವ ಅಂಗಡಿಗಳ ಹೆಸರು ಬರೆಸಿ ಬಾಣದ ಗುರುತು ಹಾಕಿಸಿದರು. ಅದರಲ್ಲಿ ನನ್ನ ಅಂಗಡಿಯ ಹೆಸರೇ ಇಲ್ಲ. ಮನೆಗೆ ಬಂದು ಕೂಗಾಡಿದೆ.

"ನೋಡ್ರಿ ಇವರ ಬುದ್ಧಿ! ಎಲ್ಲಾರ ಹೆಸರೂ ಹಾಕ್ಯಾರ, ನಮ್ಮದೊಂದು ಬಿಟ್ಟಾರ. ಇದೆಲ್ಲ ಆ ಹೋಟೆಲಿನವರ ಕಿತಾಪತಿ."

"ಕೇಳಿ ನೋಡು" ಎಂದರು ಗಂಡ.

"ನಾ ಯಾಕ ಕೇಳ್ಲಿ?" ಎಂದೆ.

ಕೇಳುವ ಪ್ರಸಂಗವೇ ಬರಲಿಲ್ಲ. ಒಂದು ಮಧ್ಯಾಹ್ನ ಆ ಹೋಟೆಲಿನವರೇ ಅಷ್ಟು ದೂರ ಸುತ್ತಿಕೊಂಡು ನನ್ನ ಅಂಗಡಿಗೆ ಬಂದರು. ನೊಣವೂ ಇರಲಿಲ್ಲ, ನಾನೊಬ್ಬಳೇ. ಅವರು ಒಮ್ಮೆ ಸುತ್ತ ನೋಡಿದರು.

"ಶೇಂಗಾ ಚಟ್ನಿಪುಡಿ ಕೊಡಿ ಅಕ್ಕ. ಮನೆಯಲ್ಲಿ ಕೇಳ್ತಿದ್ದಾರೆ."

ಮಾರಾಟವೇ ಇಲ್ಲವೆಂದು ಹೊಸದಾಗಿ ಕುಟ್ಟಿರಲಿಲ್ಲ. "ಅದೂ ತುಂಬೇದ್ರಿ ಸಾವ್ಕಾರ್ರ" ಎಂದೆ.

ಅವರ ಕಣ್ಣು ನನ್ನ ಹಿಂದಿನ ಖಾಲಿ ಭರಣಿಯ ಮೇಲೆ ಹೋಯಿತು. ಮತ್ತೆ ನನ್ನ ಮುಖಕ್ಕೆ ಬಂತು. ಮೊದಲು ಗಟ್ಟಿಯಾಗಿ ನಕ್ಕರು. ಆಮೇಲೆ ನಗು ನಿಂತೇ ಹೋಯಿತು.

"ನಾನು ಹುಬ್ಬಳ್ಳಿಯಲ್ಲಿ ಮಾವನ ಹೋಟೆಲಿನ ಗಲ್ಲಾದಲ್ಲಿ ಎಷ್ಟೋ ವರ್ಷ ಕೂತವ ಅಕ್ಕ. ನಿಮ್ಮ ಕಡೆಯ ಈ ಮಾತು ನಂಗೆ ಗೊತ್ತುಂಟು" ಎಂದರು. "ಮೀಟಿಂಗಿನಲ್ಲಿ ಫುಲ್ ಫುಲ್ ಅಂತ ಹೇಳಿದ್ದು... ಅದು ಇದೇ ತುಂಬೇದವಾ?" ಎಂದು ಕೇಳಿದರು.

ನಾನು ಉತ್ತರ ಕೊಡಲು ಹೋದೆ. ಅಳು ಬಂತು. ನನ್ನ ಅಂಗಡಿ ಮುಚ್ಚಿದರೆ ಯಾರಿಗೆ ಲಾಭವೋ, ಅವರ ಮುಂದೆಯೇ ಸೆರಗಿಲ್ಲದ ಟೀಶರ್ಟಿನ ತೋಳಿನಲ್ಲಿ ಮೂಗು ಒರೆಸಿಕೊಂಡು ಅತ್ತೆ. ಅವರು ಹೊರಟುಹೋಗಲಿಲ್ಲ. "ಅಳದ ಮಗುವಿಗೆ ತಾಯಿ ಕೂಡ ಹಾಲು ಕೊಡುದಿಲ್ಲ ಮಾರಾಯ್ರೆ. ಇವರಿಗೆ ಗೊತ್ತಾಗುದು ಹೇಗೆ?" ಎಂದು, ಇದ್ದ ರೊಟ್ಟಿಯನ್ನೆಲ್ಲ ಕಟ್ಟಿಸಿಕೊಂಡು ಹೋದರು.

ಮುಂದಿನ ಸಭೆಯಲ್ಲಿ ಅವರೇ ಎದ್ದು ನನ್ನ 'ಫುಲ್'ನ ಅರ್ಥ ಬಿಡಿಸಿ ಹೇಳಿದರು. ಭೂಮಿ ಬಾಯಿಬಿಟ್ಟರೆ ಇಳಿದುಬಿಡುತ್ತೇನೆ ಎನ್ನಿಸಿತು. ಜನ ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ಅಜ್ಜಿ ಚಮಚ ಕೆಳಗಿಟ್ಟು, "ನಾವು ಎರಡು ಸಲ ಚಪ್ಪಾಳೆ ತಟ್ಟಿದೆವಲ್ಲ" ಎಂದು ತಲೆ ಹಿಡಿದುಕೊಂಡಳು. ಅಷ್ಟರಲ್ಲಿ ಕಪ್ಪು ಸೂಟಿನವನು ಎದ್ದ. ತನ್ನ ಪಾರ್ಕಿಂಗ್ ಜಾಗದ ಬೇಲಿಗೆ ಒಂದು ಗೇಟಿದೆ, ತೆರೆದರೆ ನೇರ ನನ್ನ ಹಿಂಬಾಗಿಲು, ಅಲ್ಲಿಗೆ ಬರಲು ಬೇರೆ ರಸ್ತೆಯೂ ಇದೆ, ಶವಸಂಸ್ಕಾರವಿಲ್ಲದ ದಿನಗಳಲ್ಲಿ ನನ್ನ ಗಿರಾಕಿಗಳು ಅಲ್ಲೇ ಕಾರು ನಿಲ್ಲಿಸಲಿ ಎಂದ. ಬಾಡಿಗೆ ಬೇಡ ಎಂದೂ ಹೇಳಿದ.

ಸತ್ತವರ ಮನೆಯಂಗಳದಿಂದ ಹಬ್ಬದ ಹೋಳಿಗೆ ಒಯ್ಯುವುದೇ! ಗದಗಿನ ನನ್ನ ನರನಾಡಿಯೆಲ್ಲ ಬೇಡ ಬೇಡ ಎಂದಿತು. ಅವನ ಮುಖ ನೋಡಿದೆ. ಕೊಡುವುದಕ್ಕೆ ತನ್ನಲ್ಲೂ ಏನೋ ಇದೆಯಲ್ಲ ಎಂಬ ಸಂತೋಷ ಆ ಮುಖದಲ್ಲಿತ್ತು. ಹಿಂದೆ ಅವನ ಕಾರ್ಡನ್ನು ಮುಟ್ಟಲು ಹೇಸಿದ ಕೈಯಿಂದಲೇ ಅವನ ಕೈ ಹಿಡಿದು ಕುಲುಕಿದೆ.

ಗಿರಾಕಿಗಳು ಬಂದರು. ಎಲ್ಲರೂ ಅಲ್ಲ. ಆಂಟಿಯೊಬ್ಬರು ಗೇಟಿನ ಬಳಿಯೇ ನಿಂತು "ಮೈಲಿಗಿ ಅಲ್ಲೇನ್ರಿ?" ಎಂದು ಕೇಳಿದರು. "ಪಾರ್ಕಿಂಗಿಗೆ ಎಲ್ಲಿ ಮೈಲಿಗೀರಿ, ಬರ್ರಿ ಒಳಗ" ಎಂದೆ. ಬಂದರು. ಹೋಗುವಾಗ ಆ ಕಪ್ಪು ಸೂಟಿನವನು ಗೇಟು ಹಿಡಿದು ನಿಂತ ರೀತಿ ನೋಡಿ, "ಎಷ್ಟ ಮರ್ಯಾದಸ್ತರ" ಎಂದು ಹೊಗಳಿದರು. ಆದರೆ ಸಾವು ನಮ್ಮ ಹಬ್ಬ ನೋಡಿ ಬರುವುದಿಲ್ಲ. ಅವನಿಗೆ ಕೆಲಸ ಬಂದ ದಿನ ನನಗೆ ಗಿರಾಕಿಯಿಲ್ಲ. ಮುಂದೆ ಶ್ರಾವಣ, ಗಣೇಶನ ಹಬ್ಬ, ಅದರ ಬೆನ್ನಿಗೇ ಕರಾರಿನ ದಿನ. ಜಗ್‌ಹ್ಯಾಂಡಲ್ ತೆರೆಯದೆ ಅಂಗಡಿ ಉಳಿಯುವಂತಿರಲಿಲ್ಲ.

ಹಾಗಾಗಿ ಊರಿನ ಆಡಳಿತ ನೋಡುವ ಟೌನ್‌ಶಿಪ್ ಕೌನ್ಸಿಲ್ ಮುಂದೆ ಹೋಗೋಣ ಎಂದು ಸಂಘ ತೀರ್ಮಾನಿಸಿತು. ಒಬ್ಬಳೇ ಅರ್ಜಿ ಹಿಡಿದು ಹೋಗಿದ್ದರೆ ನನ್ನನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲವೇನೋ. ಆ ಸಂಜೆ ಸಭಾಂಗಣದ ಬಾಗಿಲಲ್ಲಿ ನಿಂತು ದಂಗಾದೆ. ಕುರ್ಚಿಗಳಲ್ಲೆಲ್ಲ ನಮ್ಮವರೇ. ಕೈಯಲ್ಲಿ ಮಸಿ ಹಾಗೇ ಇದ್ದ ಟೈರಿನವನು, ಹಲ್ಲಿನ ಡಾಕ್ಟರು, ಅಂಗಡಿಗೆ ಬೇಗ ಬೀಗ ಹಾಕಿ ಬಂದ ಆ ಪಿಜ್ಜಾದವರಿಬ್ಬರು. ಇವರಲ್ಲಿ ಮುಕ್ಕಾಲು ಜನರಿಗೆ ಆ ರಸ್ತೆಯ ಸಂಬಂಧವೇ ಇಲ್ಲ. ನನ್ನ ರೊಟ್ಟಿಯ ರುಚಿ ಕಂಡವರು ಅವರಲ್ಲಿ ಬೆರಳೆಣಿಕೆಯಷ್ಟು. ನನ್ನ ಹೆಸರನ್ನು ನೆಟ್ಟಗೆ ಹೇಳಬಲ್ಲವರು ಒಬ್ಬರೋ ಇಬ್ಬರೋ. ಊರಿನಲ್ಲಿ ಬಂಧುಬಳಗ ಬೇಕಾದಷ್ಟಿದ್ದೂ, ನನಗಾಗಿ ಇಷ್ಟು ಜನ ಒಟ್ಟಿಗೆ ಕೂತದ್ದನ್ನು ನಾನು ಮದುವೆಯ ದಿನ ಬಿಟ್ಟರೆ ಕಂಡಿರಲಿಲ್ಲ.

ಮೈಕಿನ ಮುಂದೆ ನನ್ನನ್ನೇ ಮೊದಲು ನಿಲ್ಲಿಸಿದರು. ಹೇಗಿದೆ ವ್ಯಾಪಾರ ಎಂದು ಮೇಲಿನ ಸಾಲಿನಲ್ಲಿ ಕೂತವರೊಬ್ಬರು ಕೇಳಿದರು. ಹಳೆಯ ಉತ್ತರ ಗಂಟಲವರೆಗೆ ಬಂತು. ಅವ್ವನನ್ನು ನೆನೆದು, ಲಕ್ಷ್ಮಿಗೆ ಮನಸ್ಸಿನಲ್ಲೇ ಕೈಮುಗಿದು, ಬಾಯಿ ಬಿಟ್ಟೆ.

"ಇಲ್ಲ. ಗಿರಾಕಿ ಇಲ್ಲ. ವ್ಯಾಪಾರ ಇಲ್ಲ. ಹೀಗೇ ಇದ್ದರೆ ಅಂಗಡಿಯೂ ಇರುವುದಿಲ್ಲ."

ಇಂಗ್ಲಿಷಿನಲ್ಲೇ ಹೇಳಿದ್ದು, ಆದರೂ ಇಲ್ಲ ಎಂದದ್ದು ಎಂದದ್ದೇ. ಹಿಂದೆ ಕುರ್ಚಿಗಳು ಸರಿದ ಸದ್ದಾಯಿತು. ತಿರುಗಿ ನೋಡಿದರೆ ಅಷ್ಟೂ ಜನ ಎದ್ದು ನಿಂತಿದ್ದರು.

ವಾರದ ಕೊನೆಯ ದಿನಗಳಲ್ಲಿ, ಹಬ್ಬಗಳಲ್ಲಿ ಗುಂಡಿಯ ಮೇಲೆ ಉಕ್ಕಿನ ಹಲಗೆ ಹಾಸಿ ಜಗ್‌ಹ್ಯಾಂಡಲ್ ತೆರೆಯುವುದಾಗಿ ಕೌನ್ಸಿಲಿನವರು ಒಪ್ಪಿದ್ದು ಆಮೇಲಿನ ಮಾತು. ಗಣೇಶನ ಹಬ್ಬಕ್ಕೆ ಅಂಗಡಿಯ ಮುಂದೆ ಕಾರು ಸಾಲುಗಟ್ಟಿದ್ದು, ನಾನು ಹೊಸ ಕರಾರಿಗೆ ಸಹಿ ಹಾಕಿದ್ದು ಇನ್ನೂ ಆಮೇಲಿನ ಮಾತು. ಆದರೆ ಸಂಘವೆಂದರೇನು ಎಂದು ಈಗ ಯಾರಾದರೂ ಕೇಳಿದರೆ ನಾನು ಅವೆರಡನ್ನೂ ಹೇಳುವುದಿಲ್ಲ. ಆ ಸಂಜೆ ನನ್ನ ನಂತರ ಮೈಕಿನ ಮುಂದೆ ಹೋದವರು ಆ ಹೋಟೆಲಿನವರು. ಕಾಗದ ನೋಡುತ್ತಿದ್ದ ಕೌನ್ಸಿಲಿನವರೊಬ್ಬರು ತಲೆಯೆತ್ತಿ, ನಿಮ್ಮ ಹೋಟೆಲು ಇರುವುದು ಸ್ಟೇಷನ್ ಹತ್ತಿರವಲ್ಲವೇ, ಈ ರಸ್ತೆಯಿಂದ ನಿಮಗೇನು ನಷ್ಟ ಎಂದು ಕೇಳಿದರು.

"ನಷ್ಟ ಏನೂ ಇಲ್ಲ ಸರ್" ಎಂದರು ಅವರು. "ಇವರ ಅಂಗಡಿ ಮುಚ್ಚಿದರೆ ಇವರ ಗಿರಾಕಿಗಳೆಲ್ಲ ನನ್ನ ಹೋಟೆಲಿಗೇ ಬರ್ತಾರೆ. ಅದು ಆಗಬಾರದು ಅಂತಲೇ ಬಂದದ್ದು."