ಕ್ಯಾಮೆಲಿಯಾಕ್ಕೆ ಬೂದಿ ಹಾಕಿದೆ

ಜೂನ್ ಕೊನೆಯ ಭಾನುವಾರ ಮಳೆ ಸ್ವಲ್ಪ ಬಿಟ್ಟಿತ್ತು. ನಮ್ಮವರು ಬಾವಿಯ ಆಚೆ ಕುಕ್ಕರಗಾಲಿನಲ್ಲಿ ಕೂತು ಕ್ಯಾಮೆಲಿಯಾ ಗಿಡಕ್ಕೆ ಗೂಟಿ ಕಟ್ಟುತ್ತಿದ್ದರು. ಗೆಲ್ಲಿನ ಸಿಪ್ಪೆಯನ್ನು ಉಂಗುರದ ಹಾಗೆ ಸುಲಿದು, ಒದ್ದೆ ತೆಂಗಿನ ನಾರು ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಕಿ ಬಲೆಯ ದಾರದಿಂದ ಬಿಗಿದರು. ಅಲ್ಲಿ ಬೇರು ಬಂದರೆ ಗೆಲ್ಲು ಕತ್ತರಿಸಿ ಬೇರೆ ಗಿಡ ಮಾಡಬಹುದು. ಅದು ಬೈಂದೂರಿಗೆ ಮದುವೆಯಾದ ಮಗಳು ಪೂಜಿತಾಳಿಗೆ. ಅವಳು ಕೇಳಿ ಎರಡು ವರ್ಷವಾಗಿತ್ತು.

ಪಕ್ಕದ ಮನೆಯ ಸುಗುಣ ನನ್ನತ್ತ ಕೈ ತೋರಿಸಿ ಬೇಲಿಯಾಚೆಯಿಂದ ಕೂಗಿದಳು. "ಹ್ವಾಯ್ ಬಚ್ಚಣ್ಣ, ಆ ಗಿಡಕ್ಕ್ ಮಾಡು ಚಾಕ್ರಿ ವನಜಕ್ಕಂಗ್ ಮಾಡಿರೆ ಅವ್ರಾರೂ ಹೂ ಬಿಡ್ತಿದ್ರ್!"

"ಅವ್ಳ್ ಬಿಡುದ್ ಮುಳ್ಳ್ ಮಾತ್ರ," ಎಂದರು ನಮ್ಮವರು.

"ಮುಳ್ಳ್ ಇಲ್ದಿರೆ ನಿಮ್ಮನ್ನ್ ಊರ್ ದನ ತಿಂದ್ಕಂಡ್ ಹೋತಿತ್ತ್," ಎಂದೆ ನಾನು. ನಕ್ಕರು.

"ಮೂರ್ ತಿಂಗ್ಳ್ ಬಿಚ್ಚೂಕಾಗ, ಕಾಣ್." ಗೂಟಿಯ ಬಗ್ಗೆ ಅವರು ಅಷ್ಟೇ ಹೇಳಿದ್ದು.

ಮರುದಿನ ಬೆಳಿಗ್ಗೆ ದೋಣಿ ಕಟ್ಟುವ ಹಂಗಾರಕಟ್ಟೆ ದಕ್ಕೆಯಲ್ಲಿ ಎದೆ ಹಿಡಿದುಕೊಂಡು ಕೂತರಂತೆ. ರಿಕ್ಷಾ ಸಾಸ್ತಾನ ದಾಟುವುದರೊಳಗೆ ಉಸಿರು ಹೋಗಿತ್ತು. ಐವತ್ತೆಂಟು ವರ್ಷ.

ಮೊದಲು ಹತ್ತು ವರ್ಷ ಊಟಿಯ ಹೋಟೆಲಿನಲ್ಲಿ ಅಡುಗೆ ಮಾಡಿದ್ದರು. ಆಮೇಲೆ ಊರಿಗೆ ಬಂದು ಮೀನಿನ ದೋಣಿ ಹತ್ತಿದರು. ಬರುವಾಗ ತಂದದ್ದು ಎಣ್ಣೆ ಡಬ್ಬದಲ್ಲಿ ಆ ಒಂದು ಗಿಡ. ನಮ್ಮ ಸೆಕೆಗೆ ಮೊಗ್ಗು ಉದುರುತ್ತಿತ್ತು. ಒಂಬತ್ತು ವರ್ಷದಲ್ಲಿ ಕಂಡದ್ದು ಐದು ಹೂ. ಹೂ ಬಿಟ್ಟ ದಿನ ಅವರು ದೋಣಿಗೆ ಹೋಗುತ್ತಿರಲಿಲ್ಲ. ನನ್ನನ್ನು ಗಿಡ ಮುಟ್ಟಲು ಬಿಡುತ್ತಿರಲಿಲ್ಲ. ನಾನೂ ಏನೂ ಕೇಳಲಿಲ್ಲ.

ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದ ಮೇಲೆ ಗಿಡ ನನ್ನ ಪಾಲಿಗೆ ಬಂತು. ನಾನು ಬಲ್ಲದ್ದು ಒಂದೇ. ಬಸಳೆಗೆ ಒಲೆಯ ಬೂದಿ, ಮಲ್ಲಿಗೆಗೆ ಬೂದಿ, ಎಲ್ಲದಕ್ಕೂ ಮೀನು ತೊಳೆದ ನೀರು. ನಮ್ಮಲ್ಲಿ ಹಾಗೆಯೇ. ಅವರಿಲ್ಲವೆಂದು ಗಿಡಕ್ಕೆ ಕಡಿಮೆಯಾಗಬಾರದು ಎಂದು ಎರಡು ಪಾಲು ಹಾಕಿದೆ. ದಿನಾ ಹಾಕಿದೆ.

ಆಗಸ್ಟಿನಲ್ಲಿ ಎಲೆ ಹಳದಿಯಾಯಿತು, ನರ ಮಾತ್ರ ಹಸಿರು. ನಾಲ್ಕು ಎಲೆ ಕಿತ್ತುಕೊಂಡು ಬಸ್ಸು ಹತ್ತಿ ಬ್ರಹ್ಮಾವರದ ನರ್ಸರಿಗೆ ಹೋದೆ. ಅಲ್ಲಿ ಕೆಲಸ ಮಾಡುವ ರತೀಶ್ ನೋಡಿದ.

"ಬೂದಿ ಹಾಕಿದ್ರ್ಯಾ?"

"ಹೌದ್. ಮೀನ್ ನೀರೂ."

"ಅಯ್ಯೋ ಅಮ್ಮ! ಇದ್ಕ್ ಹುಳಿ ಮಣ್ಣ್ ಬೇಕ್. ಬೂದಿಯೂ ಆಪುದಿಲ್ಲ, ಉಪ್ಪೂ ಆಪುದಿಲ್ಲ. ಯಾರೂ ಹೇಳ್ಲಿಲ್ಯಾ?"

ಹೇಳುವವರು ಇರಲಿಲ್ಲ.

ಬುಡದ ಮಣ್ಣು ಕೈಯಲ್ಲೇ ಕೆರೆದು ತೆಗೆದೆ. ತಡವಾಗಿತ್ತು. ಸೆಪ್ಟೆಂಬರಿನಲ್ಲಿ ಗಿಡ ಬುಡದಿಂದ ಒಣಗುತ್ತಾ ಮೇಲೆ ಬಂತು. ಗೂಟಿಗೆ ಮೂರು ತಿಂಗಳು ತುಂಬಲು ಇನ್ನೂ ಹನ್ನೆರಡು ದಿನ. ಕಾಯಬೇಕೋ, ಕತ್ತರಿಸಬೇಕೋ? ಬಾವಿಕಟ್ಟೆಯಲ್ಲಿ ಕತ್ತಿ ಹಿಡಿದುಕೊಂಡು ಮಧ್ಯಾಹ್ನದವರೆಗೆ ಕೂತೆ. ಕೊನೆಗೆ ಗೂಟಿಯ ಕೆಳಗೆ ಕತ್ತರಿಸಿದೆ. ನಾರಿನೊಳಗೆ ಎರಡೇ ಬಿಳಿ ಬೇರು, ಹೊಲಿಗೆಯ ನೂಲಿನಷ್ಟು. ಆ ಗೆಲ್ಲನ್ನು ಮಣ್ಣಿನ ಚಟ್ಟಿಯಲ್ಲಿ ನೆಟ್ಟೆ.

ಪೂಜಿತಾ ಫೋನು ಮಾಡಿದಳು. "ಅಮ್ಮ, ಅಪ್ಪಯ್ಯನ್ ಗಿಡ ತಕಂಡ್ ಹೋಪುಕ್ ಬರ್ಲಾ?"

"ಈಗ ಬೇಡ ಮಗಾ. ಚೂರ್ ದೊಡ್ಡ ಆಯ್ಲಿ."

ಬೂದಿಯ ಮಾತು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಈಗ ಫೆಬ್ರವರಿ. ಚಟ್ಟಿಯಲ್ಲಿ ಮೂರು ಎಲೆ. ನಾಲ್ಕಾಗುವುದಿಲ್ಲ, ಎರಡೂ ಆಗುವುದಿಲ್ಲ. ಸಮುದ್ರದ ನೀರು ಹೊಳೆಗೆ ಏರಿ ನಮ್ಮ ಬಾವಿ ಉಪ್ಪಾಗಿದೆ. ಬೆಳಿಗ್ಗೆ ಎದ್ದು ಸ್ವಲ್ಪ ಎತ್ತರದಲ್ಲಿರುವ ಸುಗುಣಳ ಬಾವಿಯಿಂದ ಒಂದು ಕೊಡ ಸಿಹಿನೀರು ತರುತ್ತೇನೆ. ಅರ್ಧ ಚೆಂಬು ಚಟ್ಟಿಗೆ ಹಾಕುತ್ತೇನೆ. ಉಳಿದದ್ದರಲ್ಲಿ ಚಾ ಮಾಡುತ್ತೇನೆ.