ಛತ್ರದಲ್ಲಿ ಬಾತುಮೊಟ್ಟೆ

ಹನುಮಾನ್ ಘಾಟಿನ ಯಾತ್ರಿಕರ ಛತ್ರದಲ್ಲಿ ಅಡುಗೆ ಮಾಡಿಕೊಂಡು ಅಲ್ಲೇ ಇರುವವನು ನಾನು. ಹೆಂಡತಿಯನ್ನು ಹರಿಶ್ಚಂದ್ರ ಘಾಟಿನಲ್ಲಿ ಸುಟ್ಟು ಬಂದ ಮೇಲೆ ಕೋಣೆಯಲ್ಲಿ ಉಸಿರಾಡುವವನು ನಾನೊಬ್ಬನೇ. ಅದಕ್ಕೇ ಗಂಗೆಯ ಆಚೆ ದಡದ ರಾಮನಗರದಿಂದ ಬಾತುಕೋಳಿ ಮೊಟ್ಟೆ ತಂದು, ಥರ್ಮಕೋಲ್ ಡಬ್ಬಿಗೆ ಬಲ್ಬು ಹಾಕಿ ಮಂಚದ ಕೆಳಗೆ ಕಾವಿಗಿಟ್ಟೆ. ಛತ್ರದೊಳಗೆ ಮೊಟ್ಟೆ ತರುವಂತಿಲ್ಲ.

ಒಂದು ಬೆಳಗ್ಗೆ ಮ್ಯಾನೇಜರು ಬಲ್ಬಿನ ಬೆಳಕು ನೋಡಿ ಒಳಗೆ ಬಂದರು.

"ರಾಮ ರಾಮ! ಅಡುಗೆಯವನ ಮಂಚದ ಕೆಳಗೇ ಮೊಟ್ಟೆ! ಮೊದಲು ಪ್ಲಗ್ ಕೀಳಯ್ಯ."

"ಕಿತ್ತರೆ ಸಾಯ್ತಾವೆ ಸ್ವಾಮಿ. ತಿನ್ನೋಕಲ್ಲ, ಮರಿಗೆ. ಕಿವಿ ಇಟ್ಟು ಕೇಳಿ."

ಮೂಗು ಮುಚ್ಚಿಕೊಂಡೇ ಕಿವಿ ಇಟ್ಟರು. ಮರಿ ಒಳಗಿಂದ ಕುಟ್ಟುತ್ತಿತ್ತು. ತುಂಬಾ ಹೊತ್ತು ಅವರು ಏಳಲಿಲ್ಲ.

"ಅರೇ, ಜಿಂದಾ ಹೈ ಕಣಯ್ಯ! ಇರಲಿ ಬಿಡು. ಆದರೆ ಶುದ್ಧಿ ಆಗಬೇಕು."

ತಂಬಿಗೆಯಲ್ಲಿ ಗಂಗಾಜಲ ತಂದು ಮೊಟ್ಟೆಗಳಿಗೆಲ್ಲ ಪ್ರೋಕ್ಷಿಸಿದರು. ಬಾತುಮೊಟ್ಟೆಗೆ ನೀರು ಚಿಮುಕಿಸದಿದ್ದರೆ ಒಳಪೊರೆ ಒಣಗಿ ಮರಿ ಸಿಕ್ಕಿಕೊಳ್ಳುತ್ತದೆ. ಅದನ್ನು ನಾನು ಹೇಳಲಿಲ್ಲ.

"ಸಾಯಂಕಾಲವೂ ಬನ್ನಿ ಸ್ವಾಮಿ, ಮೈಲಿಗೆ ಜಾಸ್ತಿ ಇದೆ" ಎಂದೆ.

ಎರಡು ಹೊತ್ತೂ ಬಂದರು. ಈಗ ಮರಿಗಳು ಅಂಗಳದಲ್ಲಿ ಓಡಾಡುತ್ತವೆ. ಗಂಗಾಜಲದಿಂದ ಹುಟ್ಟಿದವು ಎಂದು ಮ್ಯಾನೇಜರು ಯಾತ್ರಿಕರಿಗೆ ತೋರಿಸುತ್ತಾರೆ. ಬಲ್ಬಿನ ಮಾತು ಎತ್ತುವುದಿಲ್ಲ. ಎತ್ತದಿದ್ದರೆ ಬೇಡ. ಮರಿಗಳು ಬರುವುದು ನನ್ನ ಹಿಂದೆಯೇ.